ಹರಾಜಿಗೆ ಮುಂಚಿನ ಅವಧಿ: ಸಾಲಗಾರನ ಮನೆ ಮತ್ತು ಮೂರನೆಯವನ ಧರ್ಮ

ದಿವಾಳಿಯಾದವನ ಆಸ್ತಿಯನ್ನು ಮಾರಿ ಸಾಲ ಕೊಟ್ಟವರ ಬಾಕಿಯನ್ನು ತೀರಿಸಬೇಕೆಂಬ ವಿಷಯದಲ್ಲಿ ಪ್ರಾಚೀನ ಧರ್ಮಶಾಸ್ತ್ರಕ್ಕೂ ಇಂದಿನ ಕಾನೂನಿಗೂ ಮೂಲಭೂತವಾದ ಭಿನ್ನಾಭಿಪ್ರಾಯವಿಲ್ಲ. ಆದರೆ ಮಾರಬೇಕಾದ ಆಸ್ತಿಯು ಅವನ ಹೆಂಡತಿ, ಮಕ್ಕಳು, ವೃದ್ಧ ತಂದೆತಾಯಿಗಳು ವಾಸವಾಗಿರುವ ಮನೆಯೇ ಆಗಿದ್ದಾಗ ಎರಡೂ ತಡವರಿಸುತ್ತವೆ. ಎಂದಿಗೂ ಮಾರಬಾರದೆಂದು ಹೇಳುವ ಧೈರ್ಯ ಎರಡಕ್ಕೂ ಸಾಲದು, ಈ ಹೊತ್ತೇ ಮಾರಿ ಎನ್ನುವಷ್ಟು ಕಾಠಿಣ್ಯವೂ ಇಲ್ಲ, ಹೀಗಾಗಿ ಎರಡೂ ‘ಸ್ವಲ್ಪ ತಡೆಯಿರಿ’ ಎಂಬ ನಡುವಿನ ಮಾತಿಗೆ ಬಂದು ನಿಲ್ಲುತ್ತವೆ. ಹೀಗೆ ತಡೆಯುವುದನ್ನು ಸಾಮಾನ್ಯವಾಗಿ ಕರುಣೆಯ ಬಾಬತ್ತಿಗೆ ಹಾಕುವುದು ರೂಢಿ: ನ್ಯಾಯವು ಸಾಲ ಕೊಟ್ಟವನ ಕಡೆಗಿದೆ, ದಯೆಯು ಸಾಲಗಾರನ ಕಡೆಗಿದೆ, ಎರಡರ ನಡುವೆ ಕೆಲವು ತಿಂಗಳುಗಳ ರಾಜಿ ಎಂದು. ಈ ವಿಂಗಡಣೆ ಪ್ರಶ್ನೆಯ ಮುಖ್ಯ ಪಾತ್ರಧಾರಿಯನ್ನೇ ಬಿಟ್ಟುಬಿಡುತ್ತದೆ. ಸಾಲವು ಇಬ್ಬರ ನಡುವಿನ ಸಂಬಂಧ. ಹರಾಜಿನಲ್ಲಿ ಮೂರನೆಯವನೊಬ್ಬ ಕೊಳ್ಳುವವನಾಗಿ ಅದರೊಳಕ್ಕೆ ಕಾಲಿಟ್ಟ ಮೇಲೆ, ಕೊಟ್ಟವನು ಮನಸ್ಸು ಬದಲಿಸಿದರೂ ತೆಗೆದುಕೊಂಡವನು ಹಣ ತಂದರೂ ಮನೆ ಹಿಂದಕ್ಕೆ ಬರುವುದು ಕಷ್ಟ. ಆ ಕಾಲಿಡುವಿಕೆಗೆ ಮುಂಚಿನ ಅವಧಿಯನ್ನು ಕಾಯ್ದುಕೊಳ್ಳುವುದು ನ್ಯಾಯದ್ದೇ ಒಂದು ಅಂಗವೆಂದು ತಿಳಿಯಲು ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ, ಅದರಲ್ಲೂ ಸಿದ್ದಾಪುರದ 1930ರ ದಶಕದ ಇತಿಹಾಸದಲ್ಲಿ, ಸಾಕಷ್ಟು ಆಧಾರವಿದೆ.

ಈ ಸೀಮೆಯಲ್ಲಿ ಮನೆಯೆಂದರೆ ಏನೆಂಬುದನ್ನು ಮೊದಲು ಗಮನಿಸಬೇಕು. ಮೂರೂ ತಾಲೂಕುಗಳ ಮುಖ್ಯ ಬೆಳೆ ಅಡಿಕೆ. ‘ಶಿರಸಿ ಸುಪಾರಿ’ ಎಂಬ ಹೆಸರಿನಲ್ಲಿ 2019ರಲ್ಲಿ ಭೌಗೋಳಿಕ ಗುರುತು, ಎಂದರೆ ಹುಟ್ಟಿದ ನೆಲಕ್ಕೆ ಬೆಸೆದ ಹೆಸರಿನ ಕಾನೂನು ರಕ್ಷಣೆ, ದೊರೆತದ್ದು ಇಲ್ಲಿಯ ಅಡಿಕೆಗೇ. ತೋಟ ಕಣಿವೆಯ ತಗ್ಗಿನಲ್ಲಿ, ಮನೆ ಅದರ ತಲೆಯ ಮೇಲೆ, ಮನೆಯ ಹಿಂದೆ ಬೆಟ್ಟ. ಬೆಟ್ಟವೆಂದರೆ ಇಲ್ಲಿ ಗುಡ್ಡವಷ್ಟೇ ಅಲ್ಲ. ತೋಟಕ್ಕೆ ಸೊಪ್ಪು, ದರಕು ತರಲೆಂದು ಬ್ರಿಟಿಷರ ಕಾಲದಿಂದ ತೋಟಿಗರಿಗೆ ಬಿಟ್ಟುಕೊಟ್ಟ ಅರಣ್ಯಭೂಮಿ, ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ, ಮಾಲಿಕತ್ವವಿಲ್ಲದ ಬರಿಯ ಬಳಕೆಯ ಹಕ್ಕು. ಕೊಯ್ಲಿನ ತಿಂಗಳುಗಳಲ್ಲಿ ಈ ಮನೆಯೇ ಕಾರ್ಖಾನೆ. ಜಗುಲಿಯಲ್ಲಿ ಮೆಟ್ಟುಗತ್ತಿಗಳನ್ನು ಸಾಲಾಗಿಟ್ಟುಕೊಂಡು ಮನೆಯವರೂ ಆಳುಗಳೂ ರಾತ್ರಿಯವರೆಗೆ ಹಸಿ ಅಡಿಕೆ ಸುಲಿಯುತ್ತಾರೆ. ಹಿತ್ತಿಲ ಒಲೆಯ ಮೇಲೆ ಹಂಡೆಯಲ್ಲಿ ಅದು ಬೇಯುತ್ತದೆ. ಬೇಯಿಸಿದ ನೀರು ಬತ್ತಿ ಗಟ್ಟಿಯಾದ ಕೆಂಪು ತೊಗರನ್ನು ಬಣ್ಣಕ್ಕೆಂದು ಎತ್ತಿಡುತ್ತಾರೆ. ಅಂಗಳದ ಅಟ್ಟದ ಮೇಲೆ ದಿನಗಟ್ಟಲೆ ಒಣಗಿದ ಮೇಲೆಯೇ ಬೆಂದ ಅಡಿಕೆ ಮಾರುವ ಕೆಂಪಡಿಕೆಯಾಗುವುದು. ಮನೆಯನ್ನು ತೋಟದಿಂದ ಕಿತ್ತು ಮಾರಿದರೆ ಕೊಂಡವನಿಗೆ ಸಿಗುವುದು ಗೋಡೆ ಮತ್ತು ಹಂಚು, ಕಳೆದುಕೊಂಡವನಿಗೆ ಹೋಗುವುದು ವಾಸವೂ ಹೌದು, ಸಾಲ ತೀರಿಸುವ ಸಾಧನವೂ ಹೌದು. ಹೀಬ್ರೂ ಧರ್ಮಗ್ರಂಥದ ಯಾಜಕಕಾಂಡವು ಇದೇ ಭೇದವನ್ನು ಎಂದೋ ಗುರುತಿಸಿತ್ತು: ಕೋಟೆಯೊಳಗಿನ ಪಟ್ಟಣದ ಮನೆಯನ್ನು ಮಾರಿದವನಿಗೆ ಅದನ್ನು ಬಿಡಿಸಿಕೊಳ್ಳಲು ಒಂದು ವರ್ಷದ ಅವಕಾಶ, ಆಮೇಲೆ ಅದು ಕೊಂಡವನದೇ, ಆದರೆ ಕೋಟೆಯಿಲ್ಲದ ಹಳ್ಳಿಯ ಮನೆಯನ್ನು ಹೊಲದ ಜೊತೆಗೇ ಎಣಿಸಬೇಕು, ಅದನ್ನು ಯಾವಾಗ ಬೇಕಾದರೂ ಬಿಡಿಸಿಕೊಳ್ಳಬಹುದು, ಐವತ್ತನೆಯ ವರ್ಷದ ಬಿಡುಗಡೆಯ ಕಾಲಕ್ಕೆ ಅದು ತಾನಾಗಿ ಮೂಲ ಕುಟುಂಬಕ್ಕೆ ಮರಳಬೇಕು.

ಭಾರತದ ಕಾನೂನಿಗೂ ಈ ವಿವೇಕ ಒಂದು ಮಟ್ಟಿಗೆ ಇದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಕೃಷಿಕ, ಕೂಲಿಕಾರ ಅಥವಾ ಮನೆಗೆಲಸದವನಿಗೆ ಸೇರಿದ, ಅವನೇ ವಾಸಿಸುವ ಮನೆಯನ್ನು, ಅದಕ್ಕೆ ತಾಗಿದ ಅಗತ್ಯ ಜಾಗದ ಸಮೇತ, ಜಪ್ತಿ ಮತ್ತು ಮಾರಾಟದಿಂದ ಹೊರಗಿಡುತ್ತದೆ. 1920ರ ಪ್ರಾಂತೀಯ ದಿವಾಳಿತನ ಕಾಯ್ದೆಯು ಹೀಗೆ ಹೊರಗಿಟ್ಟ ಆಸ್ತಿಯನ್ನು ದಿವಾಳಿಯ ಆಸ್ತಿಯ ಲೆಕ್ಕದಿಂದಲೂ ಕೈಬಿಡುತ್ತದೆ. 2016ರ ದಿವಾಳಿ ಸಂಹಿತೆಯಲ್ಲಿ ನಿಗದಿತ ಬೆಲೆಯೊಳಗಿನ, ಅಡವಿಲ್ಲದ ಒಂದೇ ವಾಸದ ಮನೆಗೆ ಇಂಥದೇ ರಕ್ಷಣೆಯಿದ್ದರೂ, ವ್ಯಕ್ತಿಗಳಿಗೆ ಸಂಬಂಧಿಸಿದ ಅದರ ಭಾಗವನ್ನು 2019ರ ಡಿಸೆಂಬರಿನಲ್ಲಿ ಜಾರಿಗೆ ತಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಮಟ್ಟಿಗೆ ಮಾತ್ರ. ಮಾರಾಟದ ಆದೇಶವಾದ ಮೇಲೂ ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 83ನೇ ನಿಯಮವು ಒಂದು ಬಾಗಿಲನ್ನು ತೆರೆದಿಟ್ಟಿದೆ: ಖಾಸಗಿಯಾಗಿ ಮಾರಿಯೋ ಅಡವಿಟ್ಟೋ ಗೇಣಿಗೆ ಕೊಟ್ಟೋ ಹಣ ಹೊಂದಿಸಬಲ್ಲೆನೆಂದು ಸಾಲಗಾರ ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಟ್ಟರೆ, ತಕ್ಕ ಷರತ್ತಿನೊಡನೆ ಹರಾಜನ್ನು ಮುಂದೂಡಬಹುದು. ಆದರೆ ಅದೇ ನಿಯಮ, ಅಡಮಾನದ ಡಿಕ್ರಿಯ ಮೇಲೆ ನಡೆಯುವ ಮಾರಾಟಕ್ಕೆ ತಾನು ಅನ್ವಯಿಸುವುದಿಲ್ಲವೆಂದೂ ಹೇಳಿಬಿಡುತ್ತದೆ. ಇಂದು ಮನೆಗಳು ಹರಾಜಿಗೆ ಬರುವುದು ಬಹುಪಾಲು ಅಡಮಾನದ ದಾರಿಯಲ್ಲೇ ಆದ್ದರಿಂದ, ಕಾನೂನು ತೆರೆದ ಬಾಗಿಲು ಹೆಚ್ಚಿನವರು ಹಾಯದ ಗೋಡೆಯಲ್ಲಿದೆ ಎನ್ನಬೇಕಾಗುತ್ತದೆ. ಬ್ಯಾಂಕುಗಳು ನ್ಯಾಯಾಲಯದ ಡಿಕ್ರಿಯಿಲ್ಲದೆಯೇ ವಸೂಲಿ ಮಾಡಲು ಅನುವಾಗುವ 2002ರ ಸರ್ಫೇಸಿ ಕಾಯ್ದೆಯು ಕೃಷಿಭೂಮಿಯನ್ನು ಹೊರಗಿಟ್ಟಿದೆ, ಅಡವಿಟ್ಟ ವಾಸದ ಮನೆಯನ್ನು ಹೊರಗಿಟ್ಟಿಲ್ಲ. 2016ರ ತಿದ್ದುಪಡಿಯ ಬಳಿಕ ಬಾಕಿ ಕಟ್ಟಿ ಆಸ್ತಿಯನ್ನು ಬಿಡಿಸಿಕೊಳ್ಳುವ ಹಕ್ಕು ಹರಾಜಿನ ಪ್ರಕಟಣೆಯ ದಿನಕ್ಕೇ ಮುಗಿಯುತ್ತದೆ. ಮೂರನೆಯವನು ಕಾಲಿಡುವ ಮೊದಲೇ, ಅವನನ್ನು ಕರೆದ ಮಾತ್ರಕ್ಕೆ, ದಾರಿ ಮುಚ್ಚುತ್ತದೆ.

ಇಂಗ್ಲೆಂಡಿನ 1986ರ ದಿವಾಳಿ ಕಾಯ್ದೆ ಈ ಪ್ರಶ್ನೆಯನ್ನು ನೇರವಾಗಿಯೇ ಎದುರಿಸಿದೆ. ದಿವಾಳಿಯ ಆಸ್ತಿ ಧರ್ಮದರ್ಶಿಯ ವಶಕ್ಕೆ ಹೋಗಿ ಒಂದು ವರ್ಷವಾಗುವವರೆಗೆ ಹೆಂಡತಿ ಮಕ್ಕಳ ಅಗತ್ಯಗಳನ್ನು ಸಾಲ ಕೊಟ್ಟವರ ಹಿತದೊಡನೆ ತೂಗಿ ನೋಡಬೇಕು. ವರ್ಷ ಕಳೆದ ಮೇಲೆ, ಪರಿಸ್ಥಿತಿ ಅಸಾಧಾರಣವಾಗಿದ್ದರೆ ಹೊರತು, ಸಾಲ ಕೊಟ್ಟವರ ಹಿತವೇ ಮೇಲೆಂದು ಭಾವಿಸಬೇಕು. 1990ರಲ್ಲಿ ತೀರ್ಮಾನವಾದ ಸಿಟ್ರೋ ಸಹೋದರರ ಮೊಕದ್ದಮೆಯಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ಮನೆ ಕಳೆದುಕೊಂಡು ಮಕ್ಕಳ ಶಾಲೆ ತಪ್ಪುವುದು ಸಾಲದ ಎಂದಿನ ಪರಿಣಾಮ, ಅದರಲ್ಲಿ ಅಸಾಧಾರಣವಾದುದೇನೂ ಇಲ್ಲ ಎಂದಿತು. ತರ್ಕಕ್ಕೆ ಇದು ಒಪ್ಪುತ್ತದೆ, ಮನಸ್ಸಿಗೆ ಒಪ್ಪುವುದಿಲ್ಲ. ಒಂದು ದುಃಖ ಎಲ್ಲರಿಗೂ ಬರುವುದರಿಂದ ಯಾರಿಗೂ ವಿನಾಯಿತಿಯ ಕಾರಣವಾಗದು ಎಂದಾದರೆ, ಕಾನೂನಿನ ಕಿವಿ ಅಪರೂಪದ ಕಷ್ಟಕ್ಕೆ ಮಾತ್ರ ತೆರೆದಿದೆಯೆಂದಾಯಿತು. ಒಂದು ವರ್ಷವೆಂಬ ಅಳತೆಯಾದರೂ ಪಟ್ಟಣದ ಸಂಬಳದಾರನ ಬದುಕಿನಿಂದ ತೆಗೆದದ್ದು. ಮಳೆಗಾಲದ ಕೊಳೆರೋಗಕ್ಕೆ ಒಂದು ವರ್ಷದ ಫಸಲು ಹೋದ ತೋಟಿಗನಿಗೆ ಮುಂದಿನ ಸುಗ್ಗಿಯವರೆಗೆ ತಡೆದರೆ ಸಾಕಾಗಬಹುದು. ಎಲೆಚುಕ್ಕಿ ರೋಗಕ್ಕೆ ಮರಗಳೇ ಹೋದವನಿಗೆ ಹೊಸ ಸಸಿ ಫಲ ಕೊಡಲು ಐದಾರು ವರ್ಷ ಬೇಕು. ಅದೇ ದೇಶ 2004ರಿಂದ ಜಾರಿಗೆ ತಂದ ಮತ್ತೊಂದು ಕಲಮು ಇದಕ್ಕಿಂತ ಗಮನಾರ್ಹ: ಮೂರು ವರ್ಷದೊಳಗೆ ಧರ್ಮದರ್ಶಿ ಮನೆಯ ವಿಷಯದಲ್ಲಿ ಕ್ರಮ ಕೈಗೊಳ್ಳದಿದ್ದರೆ ಮನೆ ದಿವಾಳಿಯಾದವನಿಗೇ ಮರಳುತ್ತದೆ. ತಲೆಯ ಮೇಲೆ ಹರಾಜಿನ ಕತ್ತಿಯನ್ನು ಕೊನೆಯಿಲ್ಲದಂತೆ ತೂಗಿಬಿಡುವುದೂ ಅನ್ಯಾಯವೆಂಬುದನ್ನು ಅದು ಒಪ್ಪಿಕೊಂಡಂತಾಯಿತು.

ಧರ್ಮಶಾಸ್ತ್ರದ ಕಡೆಗೆ ಬಂದರೆ ಚಿತ್ರ ಹೆಚ್ಚು ಸಿಕ್ಕುಸಿಕ್ಕಾಗಿದೆ. ಮನುಸ್ಮೃತಿ ಹೇಳುವ ಹದಿನೆಂಟು ವ್ಯವಹಾರಪದಗಳಲ್ಲಿ, ಎಂದರೆ ವ್ಯಾಜ್ಯದ ವಿಷಯಗಳಲ್ಲಿ, ಮೊದಲನೆಯದೇ ಋಣಾದಾನ, ಸಾಲದ ವಸೂಲಿ. ಸಾಲ ಕೊಟ್ಟವನನ್ನು ಉತ್ತಮರ್ಣ, ತೆಗೆದುಕೊಂಡವನನ್ನು ಅಧಮರ್ಣ ಎನ್ನುವ ಆ ಪರಂಪರೆ ಬಡ್ಡಿಯು ಅಸಲನ್ನು ಮೀರಿ ಬೆಳೆಯಕೂಡದೆಂಬ ದಾಮದುಪ್ಪಟ್ಟಿನ ನಿಯಮವನ್ನು ವಿಧಿಸಿತು; ತಂದೆ ಕುಡಿತಕ್ಕೋ ಜೂಜಿಗೋ ಮಾಡಿದ ಸಾಲ ಮಗನಿಗೆ ಅಂಟದೆಂದೂ, ಉಳಿದ ಸಾಲವನ್ನು ತೀರಿಸುವುದು ಮಗನ ಧರ್ಮವೆಂದೂ ಹೇಳಿತು. ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರನ್ನು ಹೊತ್ತೇ ಮನುಷ್ಯ ಹುಟ್ಟುತ್ತಾನೆಂಬ ವೈದಿಕ ಕಲ್ಪನೆಯ ನೆರಳು ಇದರ ಮೇಲಿದೆ: ಋಣ ತೀರದೆ ಸತ್ತವನಿಗೆ ಸದ್ಗತಿಯಿಲ್ಲವೆಂಬ ನಂಬಿಕೆಯಿದ್ದಲ್ಲಿ ಮನೆ ಮಾರಿಯಾದರೂ ಸಾಲ ತೀರಿಸುವುದು ಸತ್ತವನಿಗೆ ಮಾಡುವ ಉಪಕಾರವಾಗುತ್ತದೆ. ಆದರೆ ಇದೇ ಪರಂಪರೆಯಲ್ಲಿ, ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಕನ್ನಡ ನಾಡಿನಲ್ಲೇ ಕುಳಿತು ವಿಜ್ಞಾನೇಶ್ವರ ಬರೆದ ಮಿತಾಕ್ಷರವು ಸ್ಥಾವರದ ಮಾತು ಬಂದಾಗ ಬೇರೆಯ ದನಿ ತೆಗೆಯುತ್ತದೆ. ಪಿತ್ರಾರ್ಜಿತ ಸ್ಥಾವರದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಹುಟ್ಟಿದವರಿಗೂ ಗರ್ಭದಲ್ಲಿರುವವರಿಗೂ ಇನ್ನೂ ಹುಟ್ಟದವರಿಗೂ ಅದೇ ಜೀವನಾಧಾರವಾದ್ದರಿಂದ ಅದನ್ನು ಮಾರುವುದೂ ದಾನ ಕೊಡುವುದೂ ಸಲ್ಲದು. ಆಪತ್ಕಾಲದಲ್ಲಿ, ಕುಟುಂಬದ ಸಲುವಾಗಿ, ಧರ್ಮಕಾರ್ಯಕ್ಕಾಗಿ ಮಾತ್ರ ವಿನಾಯಿತಿ.

ಈ ಎರಡು ಮಾತುಗಳು ಒಂದಕ್ಕೊಂದು ಎದುರಾಗಿ ನಿಂತಿವೆ. ಮಗನು ತಂದೆಯ ಸಾಲಕ್ಕೆ ಹೊಣೆಯೆಂದರೆ ಮನೆ ಸಾಲಕ್ಕೆ ಹೋಗಬಹುದು. ಹುಟ್ಟದ ಮಗುವಿಗೂ ಮನೆಯಲ್ಲಿ ಪಾಲಿದೆಯೆಂದರೆ ಹೋಗುವಂತಿಲ್ಲ. ಬ್ರಿಟಿಷರ ಕಾಲದ ನ್ಯಾಯಾಲಯಗಳು ಮೊದಲ ಮಾತಿಗೆ ಹೆಚ್ಚು ತೂಕ ಕೊಟ್ಟದ್ದರಿಂದ ಮಿತಾಕ್ಷರ ಕುಟುಂಬದ ಎಷ್ಟೋ ಮನೆಗಳು ತಂದೆಯ ಸಾಲಕ್ಕೆ ಹರಾಜಾದವು. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಆದ ತಿದ್ದುಪಡಿ, ಮಗಳಿಗೆ ಹುಟ್ಟಿನಿಂದ ಹಕ್ಕು ಕೊಟ್ಟ ಅದೇ ಕಲಮಿನಲ್ಲಿ, ಮುಂದಿನ ಸಾಲಗಳ ಮಟ್ಟಿಗೆ ಮಗನ ಈ ಧಾರ್ಮಿಕ ಹೊಣೆಯನ್ನು ರದ್ದುಮಾಡಿತು. ಅವಿವಾಹಿತ ಹೆಣ್ಣುಮಕ್ಕಳ ಮಟ್ಟಿಗೆ ಕರ್ನಾಟಕವು ಆ ಹಕ್ಕನ್ನು 1994ರಲ್ಲೇ ಕೊಟ್ಟಿತ್ತು. ಮನೆಯಲ್ಲಿ ಪಾಲುದಾರರಾದವರು, ಆದರೆ ಸಾಲಪತ್ರಕ್ಕೆ ಸಹಿ ಹಾಕದವರು, ಪ್ರತಿಯೊಂದು ಹರಾಜಿನಲ್ಲೂ ಇದ್ದೇ ಇರುತ್ತಾರೆ. ಅವರ ಪಾಲು ಯಾವುದು, ಯಾವ ಸಾಲ ಕುಟುಂಬದ್ದು, ಯಾವುದು ಒಬ್ಬನ ಚಟದ್ದು ಎಂಬ ವಿಚಾರಣೆಗೆ ಕಾಲ ಬೇಕು. ಮುಂದೂಡಿಕೆಯ ಮೊದಲ ಸಮರ್ಥನೆ ಇದು. ಇದರಲ್ಲಿ ದಯೆಯ ಪ್ರಸ್ತಾಪವೇ ಬರಬೇಕಾಗಿಲ್ಲ.

ಧರ್ಮಶಾಸ್ತ್ರದಲ್ಲಿ ಕಾಲಾವಕಾಶ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿರಲಿಲ್ಲವೆಂಬುದನ್ನೂ ಇಲ್ಲಿ ಮರೆಮಾಚಬಾರದು. ಕೊಡಲು ಗತಿಯಿಲ್ಲದ ಸಾಲಗಾರ ಸಮಾನ ಅಥವಾ ಕೆಳಗಿನ ಜಾತಿಯವನಾದರೆ ದುಡಿದು ತೀರಿಸಬೇಕು, ಮೇಲಿನವನಾದರೆ ಬಂದ ಹಾಗೆ ಮೆಲ್ಲಮೆಲ್ಲನೆ ಕೊಡಬಹುದು ಎಂದು ಮನು ವಿಧಿಸುತ್ತಾನೆ. ಯಾಜ್ಞವಲ್ಕ್ಯನದೂ ಇದೇ ಧೋರಣೆ. ಒಬ್ಬನಿಗೆ ಸಿಕ್ಕಿದ್ದು ಗಡುವು, ಇನ್ನೊಬ್ಬನಿಗೆ ಸಿಕ್ಕಿದ್ದು ಜೀತ. ಘಟ್ಟದ ಮೇಲಿನ ತೋಟಗಳ ಇತಿಹಾಸದಲ್ಲಿ ಈ ಭೇದದ ಗುರುತುಗಳಿವೆ. ತೋಟಿಗನ ಹೆಂಚಿನ ಮನೆಗೆ ಮುಂದೂಡಿಕೆಯ ಪ್ರಶ್ನೆ ಏಳುತ್ತಿದ್ದ ಕಾಲದಲ್ಲಿ ಅವನ ಆಳಿನ ಗುಡಿಸಲಿಗೆ ಆ ಪ್ರಶ್ನೆಯೇ ಏಳುತ್ತಿರಲಿಲ್ಲ, ಏಕೆಂದರೆ ಅದು ಒಡೆಯನ ಜಾಗದಲ್ಲಿತ್ತು. ಭೂಸುಧಾರಣಾ ಕಾಯ್ದೆಯು ಬೇರೆಯವರ ಜಮೀನಿನಲ್ಲಿ ಮನೆ ಕಟ್ಟಿಕೊಂಡ ಕೃಷಿ ಕಾರ್ಮಿಕನಿಗೆ ಆ ಮನೆಯ ಮಾಲಿಕತ್ವವನ್ನು ಕೊಡಮಾಡಿದ ಮೇಲೆಯೇ ಜಪ್ತಿಯಿಂದ ರಕ್ಷಿಸಬೇಕಾದ ಮನೆಯೊಂದು ಅವನಿಗೆ ಆಯಿತು. ಅರಣ್ಯಭೂಮಿಯ ಮೇಲೆ ಪಟ್ಟಾ ಇಲ್ಲದೆ ವಾಸಿಸುವ ಈ ಜಿಲ್ಲೆಯ ಅನೇಕ ಕುಟುಂಬಗಳಿಗೆ ಅದೂ ಇನ್ನೂ ಆಗಿಲ್ಲ.

ಇನ್ನು ಸಿದ್ದಾಪುರದ ಪ್ರಕರಣ. 1930ರಿಂದ 1934ರವರೆಗಿನ ಕಾನೂನುಭಂಗ ಚಳವಳಿಯಲ್ಲಿ, ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಉತ್ತರ ಕನ್ನಡದ ಅಂಕೋಲಾ ಮತ್ತು ಸಿದ್ದಾಪುರ ತಾಲೂಕುಗಳು ಕರನಿರಾಕರಣೆಯ ಕೇಂದ್ರಗಳಾದವು. ಕರನಿರಾಕರಣೆಯೆಂದರೆ ಭೂಕಂದಾಯವನ್ನು ಉದ್ದೇಶಪೂರ್ವಕವಾಗಿ ಕೊಡದಿರುವುದು. ಸರ್ಕಾರದ ಉತ್ತರ ಜಪ್ತಿ ಮತ್ತು ಲಿಲಾವು, ಎಂದರೆ ಹರಾಜು. ಕೃಷಿ ಉತ್ಪನ್ನಗಳ ಬೆಲೆ ಜಗತ್ತಿನಾದ್ಯಂತ ಕುಸಿದಿದ್ದ ಆ ವರ್ಷಗಳಲ್ಲಿ ಮನೆಗಳು, ತೋಟಗದ್ದೆಗಳು, ಕೊಟ್ಟಿಗೆಯ ದನಗಳು, ಪಾತ್ರೆಪಡಗಗಳು ಜಪ್ತಿಯಾದವು. ಈ ಕುಟುಂಬಗಳು ದಿವಾಳಿಯಾದವುಗಳಲ್ಲ. ದಿವಾಳಿಯು ಕೊಡಲಾರ, ಸತ್ಯಾಗ್ರಹಿಯು ಕೊಡಲೊಲ್ಲ. ಸತ್ಯಾಗ್ರಹದ ತರ್ಕದ ಪ್ರಕಾರ ಅವರು ಮುಂದೂಡಿಕೆಯನ್ನು ಕೇಳುವಂತೆಯೂ ಇರಲಿಲ್ಲ, ಏಕೆಂದರೆ ಕಷ್ಟವನ್ನು ತಾವಾಗಿ ಮೈಮೇಲೆಳೆದುಕೊಂಡವನು ಗಡುವು ಬೇಡಿದರೆ ಅವನ ನಿರಾಕರಣೆ ಬರಿಯ ಬಾಕಿಯಾಗುತ್ತದೆ. ಆದರೂ ಮನೆ ಮಾರಿಹೋದ ಮೇಲೆ ಇಬ್ಬರ ಅವಸ್ಥೆಯೂ ಒಂದೇ, ಅದರಲ್ಲೂ ನಿರ್ಧಾರದಲ್ಲಿ ಪಾಲಿಲ್ಲದ ಮಕ್ಕಳ ಅವಸ್ಥೆ. ಕಾಲ ಮತ್ತು ಮಾರಾಟದ ಸಂಬಂಧವನ್ನು ಇಷ್ಟು ನಿಚ್ಚಳವಾಗಿ ತೋರಿಸುವ ಪ್ರಕರಣ ಕನ್ನಡ ನಾಡಿನಲ್ಲಿ ಇನ್ನೊಂದು ಸಿಗುವುದು ಕಷ್ಟವಾದ್ದರಿಂದ ಅದನ್ನು ಇಲ್ಲಿ ತೆಗೆದುಕೊಳ್ಳುವುದು ಉಚಿತ.

1931ರ ಮಾರ್ಚ್ 5ರಂದು ಗಾಂಧಿ ಮತ್ತು ವೈಸರಾಯ್ ಇರ್ವಿನ್ ನಡುವೆ ಒಪ್ಪಂದವಾದಾಗ ಜಪ್ತಿಯಾದ ಸ್ಥಿರಾಸ್ತಿಗಳ ಬಗೆಗೂ ಒಂದು ಕರಾರು ಬಂತು. ಕಂದಾಯದ ಬಾಕಿಗೆ ಜಪ್ತಿಯಾಗಿ ಸರ್ಕಾರದ ಸ್ವಾಧೀನದಲ್ಲೇ ಉಳಿದಿರುವುದನ್ನು, ಬಾಕಿದಾರ ಬಾಕಿ ಕೊಡಲು ಮೊಂಡುತನ ಮಾಡದಿದ್ದರೆ, ಹಿಂದಿರುಗಿಸಲಾಗುವುದು. ಮೂರನೆಯವರಿಗೆ ಮಾರಿಯಾಗಿದ್ದರೆ, ಸರ್ಕಾರದ ಮಟ್ಟಿಗೆ, ಆ ವ್ಯವಹಾರ ಮುಗಿದದ್ದೆಂದೇ ಭಾವಿಸತಕ್ಕದ್ದು. ಇಂಥ ಮಾರಾಟಗಳಲ್ಲಿ ಕೆಲವು ಅನ್ಯಾಯದವು, ಕಾನೂನುಬಾಹಿರವಾದವು ಎಂಬುದು ತಮಗೆ ಬಂದ ಮಾಹಿತಿಯೆಂದು ಗಾಂಧೀಜಿ ತಿಳಿಸಿದ್ದನ್ನು ಒಪ್ಪಂದದಲ್ಲೇ ನಮೂದಿಸಲಾಯಿತಾದರೂ ಕರಾರು ಬದಲಾಗಲಿಲ್ಲ. ಹೀಗೆ, ಒಂದೇ ಕಾರಣಕ್ಕೆ, ಒಂದೇ ಕಾಯ್ದೆಯಡಿ ಜಪ್ತಿಯಾದ ಎರಡು ಆಸ್ತಿಗಳಲ್ಲಿ ಒಂದರ ಲಿಲಾವು ಯಾವುದೋ ಕಾರಣಕ್ಕೆ, ಬಹುಶಃ ಕಾರಕೂನನ ಅಲಕ್ಷ್ಯಕ್ಕೋ ಕೂಗುವವರು ಬಾರದ್ದಕ್ಕೋ, ತಡವಾಗಿದ್ದರೆ ಅದು ಮರಳುವ ಸಾಧ್ಯತೆ ಉಳಿಯಿತು. ಇನ್ನೊಂದು ಹೊತ್ತಿಗೆ ಸರಿಯಾಗಿ ಮಾರಿಹೋಗಿದ್ದರೆ ಹೋಗಿಯೇ ಹೋಯಿತು. ಎರಡೂ ಕುಟುಂಬಗಳ ಪಾಪಪುಣ್ಯಗಳಲ್ಲಿ, ಬಾಕಿಯಲ್ಲಿ, ನಿಲುವಿನಲ್ಲಿ ಕೂದಲೆಳೆಯ ವ್ಯತ್ಯಾಸವೂ ಇರಬೇಕಾಗಿರಲಿಲ್ಲ. ಎದುರಾಳಿಗಳೇ ಕೈಕುಲುಕಿದ ಮೇಲೂ ತಿದ್ದಲಾಗದ್ದೊಂದು ಉಳಿದದ್ದು ಕೊಂಡವನೊಬ್ಬ ನಡುವೆ ಬಂದದ್ದರಿಂದ. ಅವನನ್ನು ಪ್ರಾಮಾಣಿಕ ಕ್ರಯದಾರನೆಂದು ಕಾನೂನು ಕಾಪಾಡುತ್ತದೆ. ಕಾಪಾಡದಿದ್ದರೆ ಯಾವ ಹರಾಜಿನಲ್ಲೂ ಯಾರೂ ಕೂಗಲಾರರು, ಸಾಲ ಕೊಟ್ಟ ಯಾರಿಗೂ ಹಣ ಬಾರದು. ಈ ವಾದಕ್ಕೆ ಉತ್ತರವಿಲ್ಲ. ಉತ್ತರವಿಲ್ಲದಿರುವುದರಿಂದಲೇ ಅವನು ಬರುವ ಮೊದಲಿನ ಅವಧಿಗೆ ಇಷ್ಟು ಬೆಲೆ.

1932ರಲ್ಲಿ ಚಳವಳಿ ಮರಳಿ ಆರಂಭವಾಗಿ ದಮನವೂ ಬಿಗಿಯಾದಾಗ, ಗಂಡಸರಲ್ಲಿ ಅನೇಕರು ಸೆರೆಮನೆಯಲ್ಲಿದ್ದಾಗ, ಸಿದ್ದಾಪುರ ತಾಲೂಕಿನ ಹೆಂಗಸರು ಮಾಡಿದ ಕೆಲಸ ತತ್ತ್ವದ ದೃಷ್ಟಿಯಿಂದ ಅಪೂರ್ವವಾದದ್ದು. ಜೋಗದ ದಾರಿಯಲ್ಲಿರುವ ಮಾವಿನಗುಂಡಿಯಲ್ಲಿ, ಸತ್ಯಾಗ್ರಹಿಗಳ ಜಪ್ತಾದ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಅವರು ಉಪವಾಸ ಕುಳಿತರು. ಸರ್ಕಾರಿ ಕಚೇರಿಯ ಮುಂದೆ ಕುಳಿತಿದ್ದರೆ ಅದು ಎಲ್ಲೆಡೆಯ ಸತ್ಯಾಗ್ರಹಗಳಲ್ಲಿ ಒಂದಾಗುತ್ತಿತ್ತು. ಕಾನೂನು ಯಾರನ್ನು ನಿರ್ದೋಷಿಯೆಂದು ಬದಿಗಿಟ್ಟಿತ್ತೋ ಅವನ ಬಾಗಿಲನ್ನೇ ಅವರು ಆರಿಸಿಕೊಂಡರು.

ಬಾಗಿಲಲ್ಲಿ ಉಪವಾಸ ಕೂರುವುದಕ್ಕೆ ಈ ದೇಶದಲ್ಲಿ ದೀರ್ಘವಾದ ಪೂರ್ವೇತಿಹಾಸವಿದೆ, ಅದು ಸಾಲ ವಸೂಲಿಯದೇ ಇತಿಹಾಸ. ಧರ್ಮ, ವ್ಯವಹಾರ, ಛಲ, ಆಚರಿತ, ಬಲ ಎಂದು ಮನು ಹೇಳುವ ವಸೂಲಿಯ ಐದು ಉಪಾಯಗಳಲ್ಲಿ ಆಚರಿತವೆಂದರೆ ರೂಢಿಯ ಕ್ರಮ. ಸಾಲಗಾರನ ಬಾಗಿಲನ್ನು ಕಾದು ಕೂರುವುದು, ಅಲ್ಲಿ ಅನ್ನ ಬಿಟ್ಟು ಕೂರುವುದು ಮೊದಲಾದವನ್ನು ವ್ಯಾಖ್ಯಾನಕಾರರು ಅದರಲ್ಲಿ ಸೇರಿಸಿದ್ದಾರೆ. ಸತ್ತರೆ ಆ ಪಾಪ ಮನೆಯೊಡೆಯನಿಗೆ ತಟ್ಟುತ್ತದೆಂಬ ಭಯವೇ ಈ ಧರಣಿಯ ಬಲ. ಕಾಶಿಯ ಸೀಮೆಯಲ್ಲಿ ಇದನ್ನು ತಡೆಯಲು ಕಂಪನಿ ಸರ್ಕಾರ 1795ರಲ್ಲೇ ನಿಯಮ ಮಾಡಿತು. 1860ರ ದಂಡ ಸಂಹಿತೆಯ 508ನೇ ಕಲಮು ದೈವಕೋಪದ ಭಯ ಹುಟ್ಟಿಸಿ ಕೆಲಸ ಮಾಡಿಸಿಕೊಳ್ಳುವುದನ್ನು ಅಪರಾಧವೆಂದು ಕರೆದು, ಬಾಗಿಲಲ್ಲಿ ಧರಣಿ ಕೂರುವುದನ್ನೇ ಉದಾಹರಣೆಯಾಗಿ ಕೊಟ್ಟಿತು. ಸಾಲ ಕೊಟ್ಟವನ ಕೈಯಲ್ಲಿದ್ದ ಈ ಆಯುಧವನ್ನು ಮಾವಿನಗುಂಡಿಯಲ್ಲಿ ಕಳೆದುಕೊಂಡವರು ಎತ್ತಿಕೊಂಡರು. ಆದರೆ ಅವರ ಬೇಡಿಕೆಯಲ್ಲಿ ಸಾಲದ ಮಾತಿರಲಿಲ್ಲ, ಏಕೆಂದರೆ ಕೊಂಡವನು ಅವರಿಗೆ ಏನನ್ನೂ ಕೊಡಬೇಕಾಗಿರಲಿಲ್ಲ. ನೆರೆಯವನ ಮನೆ ಅಗ್ಗಕ್ಕೆ ಬಂದಾಗ ನೆರೆಯವನಾದವನು ಕೈಯೊಡ್ಡಬಹುದೆ ಎಂಬುದು ಅವರು ಇಟ್ಟ ಪ್ರಶ್ನೆ. ಇದರಲ್ಲಿ ಬಲಾತ್ಕಾರದ ಅಂಶವೇ ಇರಲಿಲ್ಲವೆಂದು ಹೇಳುವುದು ಪ್ರಾಮಾಣಿಕವಾಗದು; ಉಪವಾಸವು ಎದುರಾಳಿಯ ಅಂತಃಕರಣವನ್ನು ತಟ್ಟುತ್ತದೋ ಹೆದರಿಕೆಯನ್ನು ತಟ್ಟುತ್ತದೋ ಎಂಬ ಸಂದೇಹ ಗಾಂಧೀಜಿಯವರ ಉಪವಾಸಗಳ ಬಗೆಗೂ ಎದ್ದದ್ದುಂಟು. ಹಾಗಿದ್ದರೂ, ಹರಾಜಿಗೆ ಮುಂಚೆ ಸಿಗದ ಕಾಲಾವಕಾಶವನ್ನು ಹರಾಜಾದ ಮೇಲೆ ತಮ್ಮ ಹಸಿವಿನಿಂದ ಉಂಟುಮಾಡಲು ಅವರು ಯತ್ನಿಸಿದರೆನ್ನುವುದು ಸರಿಯಾದೀತು.

ಕಾನೂನಿನ ದಾರಿಯಲ್ಲಿ ಮಾರಿಹೋದದ್ದು ಮರಳಲು ವರ್ಷಗಳೇ ಹಿಡಿದವು. 1937ರಲ್ಲಿ ಬಿ. ಜಿ. ಖೇರ್ ಅವರ ನೇತೃತ್ವದಲ್ಲಿ ಮುಂಬಯಿ ಪ್ರಾಂತ್ಯದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆ, ಮುಟ್ಟುಗೋಲಾಗಿ ಪರರ ಪಾಲಾದ ಜಮೀನುಗಳನ್ನು ಪರಿಹಾರ ಕೊಟ್ಟು ಹಿಂದಕ್ಕೆ ಪಡೆದು ಮೂಲ ಹಿಡುವಳಿದಾರರಿಗೆ ಒಪ್ಪಿಸಲು 1938ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಬೇಕಾಯಿತು. ಹರಾಜನ್ನು ಕೆಲವು ತಿಂಗಳು ತಡೆದಿದ್ದರೆ ಒಬ್ಬ ಅಧಿಕಾರಿಯ ಸಹಿಯಿಂದ ಆಗಬಹುದಾಗಿದ್ದ ಕೆಲಸಕ್ಕೆ ಚುನಾವಣೆಯೊಂದು, ಮಂತ್ರಿಮಂಡಲವೊಂದು, ಶಾಸನವೊಂದು, ಖಜಾನೆಯ ಹಣ ಇಷ್ಟೂ ಬೇಕಾದವು. ಖಾಸಗಿ ಸಾಲದ ದಿವಾಳಿಗಳಿಗಾಗಿ ಯಾವ ಮಂತ್ರಿಮಂಡಲವೂ ಹೀಗೆ ಶಾಸನ ಮಾಡುವುದಿಲ್ಲ. ಕರ್ನಾಟಕದ 1976ರ ಮತ್ತು 2018ರ ಋಣ ಪರಿಹಾರ ಕಾಯ್ದೆಗಳು ಸಣ್ಣ ರೈತರ, ಭೂಹೀನರ, ದುರ್ಬಲರ ಖಾಸಗಿ ಸಾಲವನ್ನು ಮನ್ನಾ ಮಾಡಿದವೇ ಹೊರತು ಮಾರಿಹೋದ ಮನೆಗಳನ್ನು ಬಿಡಿಸಿಕೊಡುವುದು ಅವುಗಳ ಉದ್ದೇಶವಾಗಿರಲಿಲ್ಲ.

ಸಾಲ ಕೊಟ್ಟವನ ಪಕ್ಷವನ್ನು ಇಲ್ಲಿಯವರೆಗೆ ಹೆಚ್ಚು ಹೇಳಿಲ್ಲ. ಸಾಲ ಕೊಟ್ಟವನೆಂದರೆ ಪೇಟೆಯ ಸಾಹುಕಾರನೆಂಬ ಚಿತ್ರ ಈ ತಾಲೂಕುಗಳ ಮಟ್ಟಿಗೆ ಬಹುಪಾಲು ಹಳತು. ಅಡಿಕೆ ವ್ಯಾಪಾರಿಯ ಹಿಡಿತದಿಂದ ತೋಟಿಗರು ಬಿಡಿಸಿಕೊಳ್ಳಲೆಂದು 1923ರಲ್ಲಿ ಶಿರಸಿಯಲ್ಲಿ ತೋಟಗಾರರ ಸಹಕಾರಿ ಮಾರಾಟ ಸಂಘ ಹುಟ್ಟಿತು; ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲಿ ಆರಂಭವಾದ ಸಹಕಾರ ಚಳವಳಿ ಇಲ್ಲಿಯಷ್ಟು ಆಳಕ್ಕೆ ಇಳಿದ ಸೀಮೆಗಳು ರಾಜ್ಯದಲ್ಲಿ ಹೆಚ್ಚಿಲ್ಲ. ಇಂದು ಬೆಳೆಸಾಲವನ್ನು ಕೊಡುವುದು ಊರಿನ ಸೇವಾ ಸಹಕಾರಿ ಸಂಘ. ಅದರ ಠೇವಣಿ ಇಟ್ಟವರು ಅದೇ ಊರಿನ ನಿವೃತ್ತ ಮಾಸ್ತರರು, ಗಂಡನನ್ನು ಕಳೆದುಕೊಂಡವರು, ಮಗಳ ಮದುವೆಗೆ ಕೂಡಿಡುವವರು. ಒಬ್ಬನ ಮನೆಯ ಹರಾಜು ಮುಂದೂಡಿದಷ್ಟು ಕಾಲ ಇನ್ನೊಬ್ಬರ ಹಣ ಸಿಕ್ಕಿಬಿದ್ದಿರುತ್ತದೆ. ಸುಸ್ತಿದಾರರ, ಎಂದರೆ ವಾಯಿದೆ ಮೀರಿದವರ, ಸಂಖ್ಯೆ ಬೆಳೆದು ಸಂಘವೇ ಕುಸಿದರೆ ಆಗುವ ನಷ್ಟಕ್ಕೆ ಯಾವ 83ನೇ ನಿಯಮವೂ ಇಲ್ಲ. ಆದ್ದರಿಂದ ಮುಂದೂಡಿಕೆಯು ಪುಕ್ಕಟೆಯಾಗಿ ಕೊಡಬಹುದಾದ ಉದಾರತೆಯಲ್ಲ. ಅದರ ವೆಚ್ಚವನ್ನು ಹೊರುವವರು ಕೆಲವೊಮ್ಮೆ ಸಾಲಗಾರನಿಗಿಂತ ಬಡವರು. ಕಷ್ಟದಲ್ಲಿರುವ ಸಾಲಗಾರನಿಗೆ ಅನುಕೂಲವಾಗುವವರೆಗೆ ಕಾಲ ಕೊಡಬೇಕೆಂದು ಕುರಾನು ಸಾಲ ಕೊಟ್ಟವನಿಗೇ ಹೇಳುತ್ತದೆ. ಕೊಟ್ಟವನು ಒಬ್ಬನಾಗಿರದೆ ಇಡೀ ಊರಾಗಿದ್ದಾಗ ಆ ಮಾತನ್ನು ಯಾರು ಯಾರಿಗೆ ಹೇಳಬೇಕೆಂಬುದು ಹೊಸ ಕಾಲದ ಸಮಸ್ಯೆ. ಮುಂದೂಡಿಕೆಗೆ ಅವಧಿಯೂ ಉದ್ದೇಶವೂ ನಿಶ್ಚಿತವಾಗಿರಬೇಕೆಂಬುದು ಇದರಿಂದ ಬರುವ ಷರತ್ತು: ಪಾಲುದಾರರ ಹಕ್ಕಿನ ನಿರ್ಣಯಕ್ಕೆ, ಅಟ್ಟದ ಮೇಲಿನ ಅಡಿಕೆ ಒಣಗಿ ಮಾರಾಟವಾಗುವುದಕ್ಕೆ, ತೋಟದ ಒಂದು ತುಂಡನ್ನು ಹರಾಜಿನ ಬೆಲೆಗಲ್ಲದೆ ಸರಿಯಾದ ಬೆಲೆಗೆ ಮಾರುವುದಕ್ಕೆ.

ಅವಧಿಯ ಉದ್ದದಷ್ಟೇ ಅದರ ಗುಣವೂ ಮುಖ್ಯ. ರಾಜ್ಯವನ್ನೆಲ್ಲ ವಿಶ್ವಾಮಿತ್ರನಿಗೆ ಒಪ್ಪಿಸಿದ ಮೇಲೂ ಬಾಕಿ ಉಳಿದ ಹರಿಶ್ಚಂದ್ರನಿಗೆ ಗಡುವು ಸಿಕ್ಕಿತ್ತು. ಹದಿಮೂರನೆಯ ಶತಮಾನದ ರಾಘವಾಂಕನ ಕಾವ್ಯದಿಂದಲೂ ಘಟ್ಟದ ಮೇಲೂ ಕೆಳಗೂ ಆಡುವ ಯಕ್ಷಗಾನದಿಂದಲೂ ಕನ್ನಡಿಗರಿಗೆ ತಿಳಿದಿರುವಂತೆ, ಆ ಗಡುವಿನ ಜೊತೆಗೆ ನಕ್ಷತ್ರಿಕನನ್ನೂ ಕಳಿಸಲಾಗಿತ್ತು. ಅವನು ದಾರಿಯುದ್ದಕ್ಕೂ ಕಾಡಿಸಿದ್ದು ಎಷ್ಟೆಂದರೆ ಇಂದಿಗೂ ಬಿಡದೆ ಪೀಡಿಸುವವನಿಗೆ ಅವನದೇ ಹೆಸರು. ಗಡುವು ಮುಗಿಯುವ ಹೊತ್ತಿಗೆ ಕಾಶಿಯ ಬೀದಿಯಲ್ಲಿ ಮಾರಾಟಕ್ಕೆ ನಿಂತವರು ಸಾಲ ಮಾಡದ ಚಂದ್ರಮತಿ ಮತ್ತು ಲೋಹಿತಾಶ್ವ. ಸತ್ಯನಿಷ್ಠೆಯ ಮೇರುವೆಂದು ಈ ಕಥೆಯನ್ನು ಓದುವ ರೂಢಿಯಲ್ಲಿ ಒಂದು ಅಂಶ ಕಣ್ಣಿಗೆ ಬೀಳುವುದಿಲ್ಲ: ಹಣ ಹೊಂದಿಸುವ ಉಪಾಯವನ್ನೇ ಕಿತ್ತುಕೊಂಡು ಕೊಟ್ಟ ಕಾಲ, ಕಾಲವಲ್ಲ. ಹರಾಜಿಗೆ ಮುಂಚಿನ ತಿಂಗಳುಗಳಲ್ಲಿ ದಿನಬೆಳಗಾದರೆ ಫೋನು ಮಾಡುವ, ಸುಗ್ಗಿಯ ಹೊತ್ತಿನಲ್ಲಿ ಅಂಗಳಕ್ಕೆ ಬಂದು ಆಳುಗಳೆದುರು ಮಾನ ಹರಾಜು ಹಾಕುವ ವಸೂಲಿಗಾರರು ಇದ್ದಲ್ಲಿ ಮುಂದೂಡಿಕೆಯ ಆದೇಶ ಕಾಗದದ ಮೇಲಷ್ಟೇ ಇರುತ್ತದೆ. ಸಾಲ ಕೊಟ್ಟವನು ಒತ್ತೆಯ ವಸ್ತುವಿಗಾಗಿ ಸಾಲಗಾರನ ಮನೆಯೊಳಗೆ ಹೋಗಕೂಡದು, ಹೊರಗೆ ನಿಂತಿರಬೇಕು, ಸಾಲಗಾರನೇ ಅದನ್ನು ಹೊರಗೆ ತಂದುಕೊಡಬೇಕು ಎಂಬ, ಹೀಬ್ರೂ ಧರ್ಮಗ್ರಂಥದ ಧರ್ಮೋಪದೇಶಕಾಂಡದ ವಿಧಿ ಹೊಸಿಲಿಗೆ ಕೊಟ್ಟ ಗೌರವವನ್ನು ನಮ್ಮ ವಸೂಲಿ ಪದ್ಧತಿ ಇನ್ನೂ ಕಲಿಯಬೇಕಾಗಿದೆ.

ಉಳಿದಿರುವುದು ಮತ್ತೆ ಕೊಳ್ಳುವವನ ಮಾತು. ಅವನ ಬಗ್ಗೆ ಸಿವಿಲ್ ಪ್ರಕ್ರಿಯಾ ಸಂಹಿತೆ ಪೂರ್ತಿ ಮೌನವಾಗಿಲ್ಲ. ಡಿಕ್ರಿ ಪಡೆದವನು ನ್ಯಾಯಾಲಯದ ಅನುಮತಿಯಿಲ್ಲದೆ ಹರಾಜಿನಲ್ಲಿ ಕೂಗುವಂತಿಲ್ಲ. ಮಾರಾಟವನ್ನು ನಡೆಸುವ ಯಾವ ಅಧಿಕಾರಿಯೂ ಕೂಗುವಂತಿಲ್ಲ. ಮಾರಾಟವಾಗಿ 60 ದಿನದೊಳಗೆ ಸಾಲಗಾರ ಬಾಕಿಯನ್ನೂ, ಕೊಂಡವನಿಗೆ ಕ್ರಯದ ಮೊತ್ತದ ಶೇ. 5ರಷ್ಟನ್ನೂ ಠೇವಣಿ ಇಟ್ಟರೆ ಮಾರಾಟ ರದ್ದಾಗುತ್ತದೆ. ಹೀಗೆ ಕೊಂಡವನಿಗೆ ನಷ್ಟವಾಗದಂತೆ ಅವನನ್ನು ಎರಡು ತಿಂಗಳು ಬಾಗಿಲಾಚೆ ನಿಲ್ಲಿಸುವ ಯುಕ್ತಿ ಕಾನೂನಿಗೆ ಗೊತ್ತಿದೆ. ತೋಟಿಗನ ಮನೆಯ ವಿಷಯದಲ್ಲಿ ಅದನ್ನು ಒಂದು ಸುಗ್ಗಿಯವರೆಗೆ ಎಳೆಯುವುದಕ್ಕೆ ತತ್ತ್ವದ ಅಡ್ಡಿಯೇನೂ ಕಾಣುವುದಿಲ್ಲ. ಆದರೆ ಕೂಗಬಾರದವರ ಪಟ್ಟಿಯಲ್ಲಿ ನೆರೆಯವನ ಹೆಸರಿಲ್ಲ, ಸೇರಿಸಲೂ ಬರುವುದಿಲ್ಲ, ಏಕೆಂದರೆ ಹಳ್ಳಿಯ ಮನೆಯ ಹರಾಜಿಗೆ ಬರುವವರಲ್ಲಿ ಹೆಚ್ಚಿನವರು ನೆರೆಯವರೇ, ಅವರು ಬಾರದಿದ್ದರೆ ಬೆಲೆಯಿನ್ನೂ ಬಿದ್ದು ಸಾಲಗಾರನ ಬಾಕಿಯೇ ಹಾಗೆ ಉಳಿಯುತ್ತದೆ. ನೆರೆಯವನು ಕೂಗಿ ಕೊಂಡು, ಬಿಡಿಸಿಕೊಳ್ಳುವ ಶಕ್ತಿ ಬರುವವರೆಗೆ ಹಳೆಯ ಮನೆಯವರನ್ನು ಅಲ್ಲೇ ಇರಗೊಡುವುದೂ ಒಂದು ದಾರಿ. ಅದನ್ನು ಯಾವ ನಿಯಮವೂ ಅವನಿಂದ ಕೇಳುವುದಿಲ್ಲ, ಯಾವ ನಿಯಮವೂ ತಡೆಯುವುದೂ ಇಲ್ಲ.